ಮದುವೆ ಗೋಡೆಯ ಮೇಲಿನ ಉರಿ

ಈ ಸಲ ದೀಪಾವಳಿಗೆ ಸೊಸೆ ಬ್ಯಾಟರಿ ಹಣತೆಗಳ ಡಬ್ಬಿಯೊಂದನ್ನು ತಂದಳು. ಪ್ಲಾಸ್ಟಿಕ್ ಹಣತೆ, ಅದರ ಮೇಲೆ ಪ್ಲಾಸ್ಟಿಕ್ಕಿನದೇ ಉರಿ. ಕೆಳಗಿನ ಗುಂಡಿ ಒತ್ತಿದರೆ ಹಳದಿ ಬೆಳಕು ಮಿಣುಕು ಮಿಣುಕು ಅನ್ನುತ್ತದೆ. ಎಣ್ಣೆ ಬೇಡ, ಬತ್ತಿ ಬೇಡ, ಗಾಳಿಗೆ ಆರುವ ಭಯವಿಲ್ಲ, ಟೈಲ್ಸಿಗೆ ಜಿಡ್ಡು ಹತ್ತುವುದಿಲ್ಲ ಎಂದು ಅವಳು ಒಂದೊಂದೇ ಗುಣ ಹೇಳುತ್ತಿದ್ದಳು. ನಾನು ಒಂದನ್ನು ಎತ್ತಿ ತಿರುಗಿಸಿ ನೋಡಿದೆ. ಕೆಳಗೆ ಅಗಲ, ಮೇಲೆ ಚೂಪು, ನಡುವೆ ಒಂದು ಗೆರೆ. ಥೂ, ಇದಕ್ಕೂ ಉರಿ ಅಂತಾರಾ! ಸೊಸೆಗೆ ಏನೂ ಅನ್ನಲಿಲ್ಲ, ಪಾಪ, ಅವಳದೇನು ತಪ್ಪು. ಆದರೆ ಹಬ್ಬದ ದಿನವೆಲ್ಲ ನನ್ನ ಮುಖ ಗಂಟಿಕ್ಕಿಕೊಂಡೇ ಇತ್ತು.

ಯಾಕೆಂದರೆ ಒಬ್ಬ ಮನುಷ್ಯನ ನೆನಪಾಗಿತ್ತು. ಜೇವರ್ಗಿಯ ಹೈಸ್ಕೂಲಿನಲ್ಲಿ ನಮಗೆ ಚಿತ್ರ ಕಲಿಸುತ್ತಿದ್ದ ಡ್ರಾಯಿಂಗ್ ಮಾಸ್ತರರು. ಎಪ್ಪತ್ತರ ದಶಕದ ಕೊನೆಯ ಮಾತು ಇದು. ಹಳೆಯ ಗುರುಗಳನ್ನು ನೆನೆದು ಕಣ್ಣು ತುಂಬಿಕೊಳ್ಳುವವರನ್ನು ನಾನು ಬಹಳ ನೋಡಿದ್ದೇನೆ. ತುಂಬಿಕೊಳ್ಳಲಿ, ಬೇಡ ಅನ್ನುವುದಿಲ್ಲ. ನನಗೆ ಮಾತ್ರ ಅವರ ನೆನಪಾದರೆ ಸಿಟ್ಟು ಬರುತ್ತದೆ. ಇಷ್ಟು ವರ್ಷವಾದರೂ ಬರುತ್ತದೆ, ಕೂದಲು ಹಣ್ಣಾದರೂ ಬರುತ್ತದೆ.

ಮೊದಲ ಸಲ ನಾನು ಉರಿಯ ಚಿತ್ರ ಬರೆದದ್ದು ಒಂಬತ್ತನೆಯ ಈಯತ್ತೆಯಲ್ಲಿ. ಮೇಣಬತ್ತಿ ಬರೆಯಿರಿ ಎಂದು ಹೇಳಿ ಮಾಸ್ತರರು ಹೊರಗೆ ಹೋಗಿದ್ದರು. ನಾನು ಉದ್ದನೆಯ ಬತ್ತಿ ಬರೆದು, ಮೇಲೆ ಹಳದಿ ಉರಿ ಕೂರಿಸಿ, ಸುತ್ತ ಕೆಂಪು ಗೆರೆ ಎಳೆದು ಮೊದಲಿಗಳಾಗಿ ತೋರಿಸಿದೆ. ಅವರು ಹಾಳೆಯನ್ನು ಅತ್ತ ಇತ್ತ ತಿರುಗಿಸಿ ನೋಡಿದರು.

"ಇದು ಉರಿ ಅಲ್ಲವ್ವಾ, ವೀಳ್ಯದೆಲಿ. ಸುಣ್ಣ ಹಚ್ಚಿ ಬಾಯಾಗ ಹಾಕ್ಕೋ."

ಇಡೀ ವರ್ಗ ಬಿದ್ದು ಬಿದ್ದು ನಕ್ಕಿತು. ನಮ್ಮಪ್ಪನಿಗೆ ಊರಲ್ಲಿ ತೊಗರಿಯ ಅಡತಿ ಅಂಗಡಿ ಇತ್ತು, ಶಾಲೆಯ ಕಮಿಟಿಯಲ್ಲಿ ಅವನದೇ ದೊಡ್ಡ ದನಿ. ಬೇರೆ ಮಾಸ್ತರರು ನನ್ನನ್ನು ಗದರಿಸುವ ಮೊದಲು ನಾಲ್ಕು ಸಲ ಯೋಚಿಸುತ್ತಿದ್ದರು. ಈ ಮನುಷ್ಯ ಯೋಚಿಸಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಹಾಗಾದರೆ ಉರಿ ಹೇಗಿರುತ್ತದೆ, ಬರೆದು ತೋರಿಸಿರಿ ಎಂದೆ. ತಾವು ತೋರಿಸುವುದಿಲ್ಲ, ನಿಮ್ಮ ಮನೆಯ ಒಲೆ ತೋರಿಸುತ್ತದೆ, ಹೋಗಿ ಅದರ ಮುಂದೆ ಕೂತುಕೋ ಎಂದರು.

ಕೂತೆ. ಹಟಕ್ಕೆ ಕೂತೆ. ಅವ್ವ ರೊಟ್ಟಿ ಬಡಿದು ಹಂಚಿಗೆ ಹಾಕುತ್ತಿದ್ದಳು, ಒಲೆಗೆ ಕಟ್ಟಿಗೆ ಒಡ್ಡುವುದು, ರೊಟ್ಟಿ ತಿರುವುವುದು ನನ್ನ ಕೆಲಸ. ಮೊದಲ ವಾರವೇ ಎಷ್ಟು ರೊಟ್ಟಿ ಹೊತ್ತಿಸಿದೆನೋ ದೇವರಿಗೇ ಗೊತ್ತು. ಹುಡುಗಿಗೆ ಏನೋ ಬಡಿದಿದೆ, ಒಲೆಯೊಳಗೆ ಕಣ್ಣು ನೆಟ್ಟು ಕೂರುತ್ತಾಳೆ ಎಂದು ಅವ್ವ ಓಣಿಗೆಲ್ಲ ಹೇಳಿಕೊಂಡು ಬಂದಳು. ನೆರೆಮನೆಯ ಖಾಲಾ ಒಂದು ತಾಯಿತ ಕಟ್ಟಿಸು ಎಂದಳು, ಅವ್ವ ಕಟ್ಟಿಸಿಯೂ ಬಿಟ್ಟಳು. ನಾನು ತಾಯಿತ ಕಟ್ಟಿಕೊಂಡೇ ಉರಿ ನೋಡಿದೆ.

ನೋಡುತ್ತ ನೋಡುತ್ತ ಒಂದು ತಿಳಿಯಿತು, ಎಲ್ಲ ಉರಿಯೂ ಒಂದೇ ಅಲ್ಲ. ತೊಗರಿ ಕಟ್ಟಿಗೆ ಚಟಚಟ ಅನ್ನುತ್ತ ಎತ್ತರಕ್ಕೆ ಏಳುತ್ತದೆ, ತುದಿ ಹರಿದು ಗಾಳಿಯಲ್ಲಿ ಒಂದು ಚೂರು ಹಾರಿಹೋಗುತ್ತದೆ. ಕುಳ್ಳಿನ ಉರಿ ಮುನಿಸಿಕೊಂಡ ಅತ್ತೆಯ ಹಾಗೆ, ಒಳಗೊಳಗೇ ಇದ್ದು ಒಮ್ಮೆಲೇ ಮುಖ ತೋರಿಸುತ್ತದೆ. ಹಸಿ ಜಾಲಿ ಹಾಕಿದರೆ ಉರಿಗಿಂತ ಹೊಗೆಯೇ ಹೆಚ್ಚು. ನಾನು ಬರೆದು ತಂದದ್ದನ್ನು ನೋಡಿದ ಕೂಡಲೇ ಮಾಸ್ತರರು ಅದು ಯಾವುದರ ಉರಿ ಎಂದು ಹೇಳುತ್ತಿದ್ದರು. ಹೇಳಲು ಬಾರದಿದ್ದರೆ ಹಾಳೆಯನ್ನು ಮಡಚಿ ನನ್ನ ಕೈಗೆ ವಾಪಸು ಇಡುತ್ತಿದ್ದರು. ಚಂದ ಅದೆ ಎಂಬ ಮಾತು ಆ ಬಾಯಿಂದ ಒಂದು ದಿನವೂ ಬರಲಿಲ್ಲ. ಇಲ್ಲಿ ತಪ್ಪಿದೆ, ಇಲ್ಲಿ ಬಿಗಿಯಾಗಿದೆ, ಇಲ್ಲಿ ಸುಳ್ಳು ಬರೆದಿದ್ದೀ... ಬೆರಳು ಇಟ್ಟು ತೋರಿಸುವುದು. ಅವರು ಬೆರಳಿಟ್ಟ ಜಾಗದಲ್ಲಿ ತಪ್ಪು ಇದ್ದೇ ಇರುತ್ತಿತ್ತು, ಅದೇ ನನಗೆ ತಡೆಯಲಾಗದ ಸಂಗತಿ.

ನನ್ನ ದೊಡ್ಡ ತಪ್ಪನ್ನು ಅವರು ಮಳೆಗಾಲದ ಒಂದು ಮಧ್ಯಾಹ್ನ ತಿದ್ದಿದರು. ನಾನು ಹಳದಿಯ ಮೇಲೆ ಹಳದಿ, ಕೆಂಪಿನ ಮೇಲೆ ಕೆಂಪು ಬಳಿದು ಬಳಿದು ಹಾಳೆಯನ್ನೇ ತೂತು ಮಾಡುವ ಹಂತಕ್ಕೆ ಬಂದಿದ್ದೆ. ಎಷ್ಟು ಬಳಿದರೂ ಬೆಳಕು ಹುಟ್ಟುತ್ತಿರಲಿಲ್ಲ. ಅವರು ಕುಂಚ ಕಸಿದುಕೊಂಡರು.

"ಉರಿ ಬರೀಬ್ಯಾಡ. ಸುತ್ತಲಿನ ಕತ್ತಲಿ ಬರಿ. ನಡುವ ಹಾಳಿ ಖಾಲಿ ಬಿಡು."

ಅಷ್ಟೇ. ಉರಿಯ ಹೊಟ್ಟೆ ಬಿಳಿ ಹಾಳೆಯೇ. ಅದರ ಅಂಚಿಗೆ ನೀರಿನಂಥ ಹಳದಿ, ಹೊರಗೆ ಒಂದಿಷ್ಟೇ ಕೇಸರಿ, ಬುಡದಲ್ಲಿ ಹಿಂದಿನ ಕಟ್ಟಿಗೆ ಕಾಣುವಷ್ಟು ತೆಳುವು. ಆಮೇಲೆ ಸುತ್ತ ಕಪ್ಪು. ಕಪ್ಪು ಗಟ್ಟಿಯಾದಷ್ಟೂ ಖಾಲಿ ಬಿಟ್ಟ ಜಾಗ ಉರಿಯತೊಡಗಿತು. ಪೆಟ್ಟಿಗೆಯ ಕಪ್ಪು ಬಣ್ಣ ತಿಂಗಳಿಗೆ ಮೊದಲೇ ಮುಗಿದುಹೋಗುತ್ತಿತ್ತು. ಹಂಚಿನ ಹಿಂಬದಿಯ ಮಸಿ ಕೆರೆದು, ಜಾಲಿ ಅಂಟಿನ ನೀರಿನಲ್ಲಿ ಕಲಸಿ ಹಚ್ಚುವುದನ್ನು ಅವರೇ ಹೇಳಿಕೊಟ್ಟರು. ನನ್ನ ಉಗುರಿನ ಸಂದಿಯಲ್ಲಿ ಯಾವಾಗಲೂ ಮಸಿ ಇರುತ್ತಿತ್ತು. ಇಂಥ ಕೈಯವಳನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು ಅವ್ವ ಬೈಯುತ್ತಿದ್ದಳು.

ಡ್ರಾಯಿಂಗಿನ ಲೋವರ್, ಹೈಯರ್ ಎರಡೂ ಪರೀಕ್ಷೆಗಳನ್ನು ಪಾಸು ಮಾಡಿದೆ. ಹತ್ತನೆಯದೂ ಮುಗಿಯಿತು. ಗುಲ್ಬರ್ಗಾದಲ್ಲಿ ಚಿತ್ರಕಲೆ ಕಲಿಸುವ ಶಾಲೆ ಇದೆ, ಅಲ್ಲಿ ಹೋಗು, ಮುಂದೆ ನೀನೂ ನನ್ನಂತೆ ಚಿತ್ರ ಕಲಿಸಬಹುದು ಎಂದು ತಲೆಗೆ ಹುಳ ಬಿಟ್ಟವರು ಯಾರು? ಇವರೇ. ನಾನು ಕೇಳಿರಲಿಲ್ಲ. ಅಂಥದ್ದೊಂದು ಶಾಲೆ ಇದೆಯೆಂದು ನನಗೆ ಗೊತ್ತೂ ಇರಲಿಲ್ಲ. ನಮ್ಮ ಚಿಗವ್ವ ಗುಲ್ಬರ್ಗಾದಲ್ಲೇ ಇದ್ದಳು, ಇರುವುದಕ್ಕೆ ಮನೆ ಇತ್ತು. ಅಪ್ಪನಿಗೆ ಹೇಳುವುದೊಂದೇ ಉಳಿದದ್ದು. ನಾನೇ ಹೇಳುತ್ತೇನೆ, ಅನ್ನ ನೀರು ಬಿಟ್ಟಾದರೂ ಒಪ್ಪಿಸುತ್ತೇನೆ ಎಂದು ಸೊಂಟ ಕಟ್ಟಿ ನಿಂತಿದ್ದೆ. ಮಾಸ್ತರರು ತಡೆದರು.

"ನೀ ಸುಮ್ನ ಇರವ್ವಾ. ನಿಮ್ಮಪ್ಪಗ ನಾ ಹೇಳ್ತೇನಿ."

ಆ ಮಾತನ್ನು ನಂಬಿ ಸುಮ್ಮನಿದ್ದೆ. ನನ್ನ ಸಿಟ್ಟೆಲ್ಲ ಇರುವುದು ಆ ಒಂದು ಮಾತಿನ ಮೇಲೆ.

ಅಷ್ಟರಲ್ಲಿ ಆಳಂದ ತಾಲೂಕಿನ ನಿಂಬರ್ಗಾದಿಂದ ಒಂದು ಸಂಬಂಧ ಬಂತು. ಹೊಲ ಮನೆ ಇದ್ದವರು, ಶರಣರ ಮನೆತನ, ಹುಡುಗನೂ ಒಳ್ಳೆಯವನೇ ಎಂದರು. ಒಳ್ಳೆಯವನೇ ಆಗಿದ್ದ, ಅದರಲ್ಲಿ ಸುಳ್ಳಿಲ್ಲ. ಹುಡುಗಿ ಏನೋ ಗುಲ್ಬರ್ಗಾ ಅನ್ನುತ್ತಿದ್ದಾಳೆ ಎಂದು ಚಿಗವ್ವನ ಬಾಯಿಂದ ಅಪ್ಪನ ಕಿವಿಗೆ ಬಿದ್ದಿತ್ತು. ಅವನು ಕೂಗಾಡಲಿಲ್ಲ. ಒಂದು ಸಂಜೆ ಮಾಸ್ತರರನ್ನೇ ಮನೆಗೆ ಕರೆಸಿದ. ನನಗೆ ಎಷ್ಟು ಸಂತೋಷವಾಯಿತೆಂದರೆ ಚಹಕ್ಕೆ ಎಂದೂ ಹಾಕದ ಯಾಲಕ್ಕಿ ಹಾಕಿದೆ. ಅಡುಗೆಮನೆಗೂ ಪಡಸಾಲೆಗೂ ನಡುವೆ ಒಂದೇ ಗೋಡೆ, ಒಂದು ಮಾತೂ ತಪ್ಪುವಂತಿರಲಿಲ್ಲ.

ಅಪ್ಪ ಕೇಳಿದ್ದು ನೇರವಾಗಿ. ಹುಡುಗಿಗೆ ನಿಮ್ಮ ವಿದ್ಯೆ ಹಿಡಿಸಿದೆ, ಮುಂದೆ ಕಲಿಸಿದರೆ ಏನಾದರೂ ಆದಾಳೇ, ಇಲ್ಲಾ ಸಂಬಂಧ ಗಟ್ಟಿ ಮಾಡಲೇ ಎಂದ. ಮಾಸ್ತರರು ಬಸಿಗೆ ಚಹ ಸುರಿದುಕೊಂಡು ಹೀರಿದ ಸಪ್ಪಳ ಕೇಳಿತು. ಆಮೇಲೆ ಆ ದನಿ... ನನ್ನ ಹಾಳೆಯ ಮೇಲೆ ಬೆರಳಿಟ್ಟು ತಪ್ಪು ಹೇಳುವಾಗ ಎಂದೂ ನಡುಗದ ದನಿ.

"ಚಿತ್ರ ಅಂದ್ರ ಹೆಣ್ಮಕ್ಕಳಿಗಿ ಮನ್ಯಾಗ ಕುಂತು ಹೊತ್ತು ಕಳ್ಯಾಕ ಛಲೋರಿ. ಸಂಬಂಧ ಬಂದದಂತೀರಿ, ಮಾಡಿಬಿಡ್ರಿ."

ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡಿದ್ದರೂ ನಾನು ಕ್ಷಮಿಸುತ್ತಿದ್ದೆ. ನೋಡೋಣ, ಒಂದು ವರ್ಷ ತಡೆಯಿರಿ ಅನ್ನಬಹುದಿತ್ತು. ಇಲ್ಲ. ಪೂರಾ ಬಾಗಿಲು ಹಾಕಿ, ಚಿಲಕ ಇಟ್ಟು, ಚಹ ಚೆನ್ನಾಗಿತ್ತು ಅಂತ ಹೇಳಿ ಎದ್ದು ಹೋದರು. ಅವತ್ತು ಒಲೆಯ ಮೇಲಿನ ಹಾಲು ಉಕ್ಕಿ ಹರಿದು ಉರಿಯೇ ಆರಿತು, ನಾನು ನೋಡುತ್ತ ನಿಂತಿದ್ದೆ. ಮರುದಿನ ಅಪ್ಪನ ಮುಂದೆ ಅತ್ತುಕರೆದೆ, ಕೂಗಾಡಿದೆ, ಎರಡು ಹೊತ್ತು ಊಟ ಬಿಟ್ಟೆ. ಅಪ್ಪನ ಬಳಿ ಈಗ ಉತ್ತರ ಸಿದ್ಧವಿತ್ತು. ನಿಮ್ಮ ಮಾಸ್ತರರೇ ಬೇಡ ಅಂದರಲ್ಲ, ಅವರಿಗಿಂತ ನಿನಗೆ ಹೆಚ್ಚು ಗೊತ್ತೇನು ಎಂದ.

ಮದುವೆ ಗೊತ್ತಾಯಿತು. ನಮ್ಮ ಕಡೆ ಮದುವೆಯ ಮನೆಯ ಮುಂಗೋಡೆಗೆ ಸುಣ್ಣ ಬಳಿದು, ಬಾಗಿಲಿನ ಎರಡೂ ಬದಿ ಚಿತ್ರ ಬರೆಸುತ್ತಾರೆ. ಮೇಲೆ ವಧು ವರರ ಹೆಸರು, ಕೆಳಗೆ ಬಾಳೆಗಿಡ, ಕಳಸ, ನವಿಲು, ಎತ್ತರದ ದೀಪ. ಯಾರ ಮನೆಯ ಗೋಡೆ ಎಷ್ಟು ಚಂದ ಬರೆದಿದೆ ಎನ್ನುವುದು ಊರಿಗೇ ಒಂದು ಚರ್ಚೆ. ಜೇವರ್ಗಿಯಲ್ಲಿ ಆ ಕೆಲಸಕ್ಕೆ ಮಾಸ್ತರರ ಕೈಯೇ ಬೇಕು. ಅಪ್ಪ ಅವರಿಗೇ ಹೇಳಿದ. ಅವರು ಒಪ್ಪಿದರು! ಯಾವ ಮುಖ ಹೊತ್ತು ಒಪ್ಪಿದರೋ. ಶಾಲೆಗೆ ತಪಾಸಣೆಯವರು ಬರುವುದಿದೆ ಎಂದು ಹೇಳುತ್ತ ಹೇಳುತ್ತ ಕೊನೆಗೆ ನನಗೆ ಅರಿಷಿಣ ಹಚ್ಚುವ ದಿನ ಬೆಳಗ್ಗೆ ಡಬ್ಬಿ ಕುಂಚ ಹಿಡಿದು ಬಂದರು.

ನಾನು ಒಳಗೆ ಮೈತುಂಬ ಅರಿಷಿಣ ಹಚ್ಚಿಸಿಕೊಂಡು ಕೂತಿದ್ದೆ. ಸುತ್ತ ಹೆಂಗಸರ ಹಾಡು, ನಗೆ, ಚೇಷ್ಟೆ. ಕಿಟಕಿಯಿಂದ ಅವರ ಕೈ ಕಾಣುತ್ತಿತ್ತು. ಕೈ ಎಷ್ಟು ಸಲೀಸು, ಒಂದು ಎಳೆತಕ್ಕೆ ನವಿಲಿನ ಕುತ್ತಿಗೆ, ಒಂದು ಎಳೆತಕ್ಕೆ ದೀಪದ ಕಂಬ. ಆಮೇಲೆ ದೀಪದ ಮೇಲೆ ಉರಿ ಬರೆದರು. ಕೆಳಗೆ ಅಗಲ, ಮೇಲೆ ಚೂಪು, ಹಳದಿ ತುಂಬಿ ಸುತ್ತ ಕೆಂಪು ಗೆರೆ. ಮಾಸ್ತರರು ನನ್ನ ಮದುವೆಯ ಗೋಡೆಗೆ ವೀಳ್ಯದೆಲೆ ಬರೆಯುತ್ತಿದ್ದರು.

ಅದುವರೆಗೆ ತಡೆದುಕೊಂಡದ್ದೆಲ್ಲ ಅಲ್ಲಿಗೆ ಮುಗಿಯಿತು. ಎದ್ದೆ. ಅರಿಷಿಣ ಹಚ್ಚಿದ ಮದುಮಗಳು ಹೊಸ್ತಿಲು ದಾಟಬಾರದು ಎಂಬುದು ಎಲ್ಲರಿಗೂ ಗೊತ್ತು, ನನಗೂ ಗೊತ್ತಿತ್ತು. ಒಲೆಯ ಹತ್ತಿರ ಬೋರಲು ಹಾಕಿದ್ದ ಹಂಚಿನ ಮಸಿಯನ್ನು ತೆಂಗಿನ ಚಿಪ್ಪಿಗೆ ಕೆರೆದುಕೊಂಡೆ, ನೀರು ಹಾಕಿ ಬೆರಳಿನಿಂದ ಕಲಸಿದೆ, ಹೊರಗೆ ಹೋದೆ. ಹಿಂದೆ ದೊಡ್ಡವ್ವನ ಕೂಗು ಕೇಳುತ್ತಿತ್ತು. ಇದೇನು ಬರೆದಿರಿ ಎಂದು ಮಾಸ್ತರರನ್ನು ಕೇಳಿದೆ. ದೀಪ ಎಂದರು. ಉರಿ ಎಲ್ಲಿ ಎಂದೆ. ಅವರು ನನ್ನ ಕೈಯಲ್ಲಿದ್ದ ಚಿಪ್ಪು ನೋಡಿದರು.

"ಮದುವಿ ಗ್ವಾಡಿಗಿ ಕರೀ ಹಚ್ಚಂಗಿಲ್ಲವ್ವಾ. ನಿನಗೂ ತಿಳೀತದ."

ಹೌದು, ಹಚ್ಚುವುದಿಲ್ಲ. ಮದುವೆಯ ಮನೆಯಲ್ಲಿ ಕಪ್ಪು ಸೀರೆ ಉಡುವುದಿಲ್ಲ, ಕಪ್ಪು ಬಳೆ ಇಡುವುದಿಲ್ಲ, ಗೋಡೆಗೆ ಕಪ್ಪು ತಾಗಿಸುವುದಿಲ್ಲ. ಕಪ್ಪಿಲ್ಲದೆ ಉರಿ ಹುಟ್ಟುವುದಿಲ್ಲ ಎಂದು ನನಗೆ ಕಲಿಸಿದವರು ಯಾರು ಹಾಗಾದರೆ? ಕಲಿಸುವಾಗ ಈ ಮಾತು ಹೇಳಬೇಕಿತ್ತು. ಹೆಣ್ಣೇ, ಇದನ್ನು ಕಲಿತರೆ ನಿನಗೆ ಹಚ್ಚಲು ಗೋಡೆ ಸಿಗುವುದಿಲ್ಲ, ಎಲೆಯೇ ಬರೆದುಕೊಂಡು ಸುಖವಾಗಿರು ಅನ್ನಬೇಕಿತ್ತು. ಅವರ ಕೈಯಿಂದ ಕುಂಚ ಕಸಿದುಕೊಂಡೆ. ಎಡಗಡೆಯ ದೀಪದ ಉರಿಯನ್ನು ಒದ್ದೆ ಅರಿವೆಯಿಂದ ಸುಣ್ಣದವರೆಗೆ ಉಜ್ಜಿ ತೆಗೆದೆ. ಅಂಚಿಗೆ ಅವರದೇ ಹಳದಿಗೆ ನೀರು ಹಾಕಿ ಬಿಟ್ಟೆ, ನನ್ನ ಮೈಯ ಅರಿಷಿಣವೂ ಒಂದಿಷ್ಟು ಹತ್ತಿತು. ಆಮೇಲೆ ಸುತ್ತ ಮಸಿ ಬಳಿದೆ, ತೋಳುದ್ದ, ಅಂಜದೆ.

ಉರಿ ಎದ್ದಿತು. ಹಾಡು ನಿಂತಿತು. ಬಿಳಿ ಗೋಡೆಯಲ್ಲಿ ಒಂದು ಕರಿ ಗುಂಡಿ ಬಿದ್ದು ಅದರೊಳಗೆ ತೊಗರಿ ಕಟ್ಟಿಗೆ ಹೊತ್ತಿಕೊಂಡ ಹಾಗಿತ್ತು. ಓಣಿಯ ಒಂದು ಮಗು ಹಿಂದೆ ಸರಿಯಿತು. ದೊಡ್ಡವ್ವ ಎದೆ ಬಡಿದುಕೊಂಡಳು.

"ಹುಟ್ಟಿದ ಮನಿಗಿ ಉರಿ ಹಚ್ಚಿ ಹೊಂಟ್ಯಲ್ಲ ಬೇ!"

ಹೆಂಗಸರು ನನ್ನನ್ನು ಎಳೆದುಕೊಂಡು ಒಳಗೆ ಒಯ್ಯುವ ಮುನ್ನ ನಾನು ಮಾಸ್ತರರ ಮುಖ ನೋಡಿದೆ. ಎಲ್ಲರೂ ನನ್ನನ್ನು ನೋಡುತ್ತಿದ್ದರು, ಅವರೊಬ್ಬರು ಮಾತ್ರ ಉರಿಯನ್ನು ನೋಡುತ್ತಿದ್ದರು. ಬಹಳ ಹೊತ್ತು ನೋಡಿದರು. ಅಪ್ಪ ಬಂದು, ಬಳೀರಿ ಮೊದಲು ಅದಕ್ಕೆ ಸುಣ್ಣ ಎಂದು ಗುಡುಗಿದಾಗ ಅವರು ಸುಣ್ಣದ ಬಕೀಟಿಗೆ ಕೈ ಹಾಕುತ್ತ, ನನಗೆ ಮಾತ್ರ ಕೇಳುವಷ್ಟು ಮೆತ್ತಗೆ ಹೇಳಿದರು.

"ಎಡಗಡಿ ತುದಿ ಬಿಗಿ ಆಗ್ಯದ."

ನೋಡಿದೆ. ಆಗಿತ್ತು. ಆ ಗಳಿಗೆಯಲ್ಲೂ ಆಗಿತ್ತು! ಆಮೇಲೆ ಅದೇ ಕೈಯಿಂದ ಅವರು ಸುಣ್ಣ ಎಳೆದರು. ಹಸಿ ಸುಣ್ಣ ಏನನ್ನೂ ಮುಚ್ಚುವುದಿಲ್ಲ, ಒಣಗಿದ ಮೇಲಷ್ಟೇ ಬಿಳಿಯಾಗುವುದು. ಒಂದು ಕೈ ಹೊಡೆದರು, ಉರಿ ಕಂಡಿತು. ಇನ್ನೊಂದು ಹೊಡೆದರು, ಆಗಲೂ ಕಂಡಿತು. ದೊಡ್ಡವ್ವ ಹೊಡೀರಿ, ಹೊಡೀರಿ ಅನ್ನುತ್ತಲೇ ಇದ್ದಳು. ಒಣಗಿದ ಮೇಲೂ ಮಸಿ ಬೂದಿಯ ಬಣ್ಣದಲ್ಲಿ ಮೇಲೆದ್ದು ಬಂತಂತೆ. ಕೊನೆಗೆ ಬೀಗರು ಬರುವ ಹೊತ್ತಿಗೆ ಅಲ್ಲಿ ಒಂದು ಬಾಳೆಗಿಡ ಕಟ್ಟಿದರು. ಮರುದಿನ ನನ್ನ ಮದುವೆಯಾಯಿತು.

ನಿಂಬರ್ಗಾದಲ್ಲಿ ನನಗೆ ಕಷ್ಟವೇನೂ ಇರಲಿಲ್ಲ, ಸುಳ್ಳು ಹೇಳಬಾರದು. ಕೆಲಸ ಇತ್ತು, ಮಕ್ಕಳಾದವು, ಗಂಡ ಒಂದು ದಿನವೂ ಕೈ ಎತ್ತಲಿಲ್ಲ. ತೊಗರಿ ರಾಶಿಯ ಕಾಲಕ್ಕೆ ಇಡೀ ಊರಿನ ಒಲೆಗಳಲ್ಲಿ ನನಗೆ ಬೇಕಾದ ಉರಿ ಇರುತ್ತಿತ್ತು. ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಇದ್ದಿಲಿನಿಂದ ಬರೆಯುತ್ತಿದ್ದೆ, ಅದೇ ಕಾಗದದಿಂದ ಮರುದಿನ ಒಲೆ ಹೊತ್ತಿಸುತ್ತಿದ್ದೆ. ಯಾರಿಗೆ ತೋರಿಸಲಿ? ಅತ್ತೆಗೆ ಅದರಲ್ಲಿ ಹೊಗೆ ಕಾಣುತ್ತಿತ್ತು, ಗಂಡನಿಗೆ ಮೆಣಸಿನಕಾಯಿ ಕಾಣುತ್ತಿತ್ತು.

ತೊಂಬತ್ತರ ದಶಕದಲ್ಲಿ ಒಮ್ಮೆ ಅತ್ತೆಯ ಹರಕೆ ತೀರಿಸಲು ಗಾಣಗಾಪುರಕ್ಕೆ ಹೋಗಿದ್ದೆವು. ದರ್ಶನ ಮುಗಿಸಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದ ಕಟ್ಟೆಯ ಮೇಲೆ ಮಾಸ್ತರರು ಕೂತಿದ್ದರು. ಅಫಜಲಪುರ ಅವರ ಸ್ವಂತ ಊರು, ನೌಕರಿ ಮುಗಿದ ಮೇಲೆ ಅಲ್ಲಿಗೇ ಬಂದಿದ್ದರಂತೆ. ಮುದುಕರಾಗಿದ್ದರು. ಗುರುತು ಹಿಡಿದರು, ಚಿತ್ರ ಬರೀತೀಯೇನವ್ವಾ ಎಂದು ಕೇಳಿದರು. ನಮಸ್ಕಾರವೂ ಇಲ್ಲ, ಕುಶಲವೂ ಇಲ್ಲ, ನಾನು ನೇರ ವಿಷಯಕ್ಕೇ ಬಂದೆ. ಅಪ್ಪ ಕೇಳಿದಾಗ ಯಾಕೆ ಹಾಗಂದಿರಿ ಎಂದೆ.

ಅವರು ಮುಚ್ಚುಮರೆ ಮಾಡಲಿಲ್ಲ. ಆಗ ತಮ್ಮ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ, ಕಾಯಂ ಮಾಡುವ ಕಮಿಟಿಯಲ್ಲಿ ನಿಮ್ಮಪ್ಪ ಇದ್ದರು ಎಂದರು. ನಿಮ್ಮಪ್ಪ ಕೇಳಿದ ದನಿಯಲ್ಲೇ ಯಾವ ಉತ್ತರ ಬೇಕೆಂದು ತಿಳಿಯುತ್ತಿತ್ತು, ಮನೆಯಲ್ಲಿ ಹೆಂಡತಿ ಮಕ್ಕಳಿದ್ದರು ಎಂದರು. ನನಗೆ ಅರ್ಥವಾಗುವುದಿಲ್ಲವೇ? ಹೊಟ್ಟೆಯ ಪಾಡು ಯಾರಿಗೆ ಬಿಟ್ಟಿದೆ. ಅದನ್ನಾದರೆ ನಾನು ಅಂದೇ ನುಂಗಿಕೊಳ್ಳುತ್ತಿದ್ದೆ.

"ಅದು ಇರ್ಲಿರಿ ಮಾಸ್ತರ್. ನಾ ಜಗಳಾ ಮಾಡಾಕ ನಿಂತಿದ್ದೆ. ನೀ ಸುಮ್ನ ಇರು, ನಾ ಹೇಳ್ತೇನಿ ಅಂತ ಯಾಕ ಅಂದ್ರಿ?"

ಅವರು ಬಸ್ಸು ಬರುವ ದಾರಿಯತ್ತ ಮುಖ ತಿರುಗಿಸಿದರು. ನಮ್ಮ ಬಸ್ಸು ಬಂತು. ಅತ್ತೆಯ ಕೈ ಹಿಡಿದು ಹತ್ತಿಸಿ, ನಾನೂ ಹತ್ತಿ, ಕಿಟಕಿಯ ಆಚೆ ಮುಖ ಮಾಡದೆ ಕೂತೆ. ಪಶ್ಚಾತ್ತಾಪವೇನೂ ಇಲ್ಲ ನನಗೆ. ಕೇಳಬೇಕಾದದ್ದನ್ನು ಕೇಳಿದೆ.

ಅಪ್ಪನ ಮೇಲೆ ನನಗೆ ಇಷ್ಟು ಸಿಟ್ಟಿಲ್ಲ ಎಂದರೆ ಮಕ್ಕಳು ನಂಬುವುದಿಲ್ಲ. ಅಪ್ಪನಿಗೆ ತೊಗರಿ ಗೊತ್ತಿತ್ತು, ಚಿತ್ರ ಗೊತ್ತಿರಲಿಲ್ಲ. ತಾನು ಏನನ್ನು ಬೇಡ ಅನ್ನುತ್ತಿದ್ದೇನೆ ಎಂದು ತಿಳಿಯದೆಯೇ ಬೇಡ ಎಂದ. ಮಾಸ್ತರರಿಗೆ ಗೊತ್ತಿತ್ತು. ಜೇವರ್ಗಿಯಲ್ಲಿ ಅದು ಗೊತ್ತಿದ್ದ ಮನುಷ್ಯ ಅವರೊಬ್ಬರೇ. ಗೊತ್ತಿದ್ದೂ ಬಸಿಯಲ್ಲಿ ಚಹ ಕುಡಿದು ಎದ್ದು ಹೋದರು. ಅದನ್ನು ನಾನು ಹೇಗೆ ಮರೆಯಲಿ?

ಅವರು ತೀರಿಕೊಂಡು ಈಗ ಕೆಲವು ವರ್ಷಗಳಾದವು. ಅಫಜಲಪುರಕ್ಕೆ ಕೊಟ್ಟಿದ್ದ ನನ್ನ ಶಾಲೆಯ ಗೆಳತಿಯೊಬ್ಬಳು ಫೋನಿನಲ್ಲಿ ಹೇಳಿದಾಗ, ಹೌದಾ ಎಂದು ಇಟ್ಟುಬಿಟ್ಟೆ. ಅಳು ಬರಲಿಲ್ಲ. ಇನ್ನೂ ಉತ್ತರ ಕೊಡದೆ ಹೋದರಲ್ಲ ಎಂದು ಮತ್ತೆ ಸಿಟ್ಟೇ ಬಂತು.

ನಾನು ಈಗ ಮಗನ ಮನೆಯಲ್ಲಿ ಕಲಬುರಗಿಯಲ್ಲಿದ್ದೇನೆ. ಒಲೆ ಇಲ್ಲ, ಕಟ್ಟಿಗೆ ಇಲ್ಲ. ಮೊಮ್ಮಗಳ ಬಣ್ಣ, ಮೊಮ್ಮಗಳ ದಪ್ಪ ಹಾಳೆ. ಈ ಹಬ್ಬ ಮುಗಿದ ಮರುದಿನ ಕೂತು ತೊಗರಿ ಕಟ್ಟಿಗೆಯ ಉರಿಯೊಂದನ್ನು ನೆನಪಿನಿಂದಲೇ ಬರೆದೆ. ಸೊಸೆ ನೋಡಿ ಫೋಟೋ ತೆಗೆದ ಹಾಗಿದೆ ಅತ್ತೆ ಎಂದಳು. ಮಗ ಫ್ರೇಮು ಹಾಕಿಸುತ್ತೇನೆ ಎಂದ. ಪಕ್ಕದ ಮನೆಯವರನ್ನು ಕರೆದು ತೋರಿಸಿದರು, ಅವರೂ ಬಹಳ ಚಂದ ಅದ ಎಂದರು. ನಾನು ಕಣ್ಣಿಗೆ ಕನ್ನಡಕ ಏರಿಸಿ, ಇಳಿಸಿ, ಹತ್ತಿರ ಹಿಡಿದು, ದೂರ ಹಿಡಿದು ನೋಡಿದೆ. ಎಲ್ಲೋ ತಪ್ಪಿದೆ. ಎಲ್ಲಿ ಎಂದು ನನಗೆ ಕಾಣುತ್ತಿಲ್ಲ... ಬೆರಳಿಟ್ಟು ತೋರಿಸುವ ಮನುಷ್ಯ ಹೋಗಿಬಿಟ್ಟ.